ಎರಡೂ ಕಡೆ ಹಗ್ಗ

ಅವರ ಎಡಗೆನ್ನೆಯ ಮೇಲೆ ಗಡ್ಡ ಬೆಳೆಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕುದಿಯುವ ರಾಳ ಸಿಡಿದು ಅಂಗೈ ಅಗಲದಷ್ಟು ಚರ್ಮ ಸುಟ್ಟಿತ್ತಂತೆ. ಅಲ್ಲಿ ಹೊಸದಾಗಿ ಬಂದ ಚರ್ಮ ತೆಳ್ಳಗೆ, ನುಣ್ಣಗೆ, ಬಾಳೆ ಎಲೆಯ ಹಿಂಬದಿಯ ಹಾಗೆ ಇತ್ತು. ಪೆಟ್ಟಿಗೆಯೊಂದನ್ನು ಮಾಡಿ ಮುಗಿಸಿದ ಮೇಲೆ ಅವರು ಮೊಣಕಾಲೂರಿ ಕೂತು, ಮುಚ್ಚಳದ ಸಂದಿಗೆ ಆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿಕೊಂಡು ನಾಲ್ಕೂ ಬದಿಗೆ ನಿಧಾನವಾಗಿ ಸರಿಯುತ್ತಿದ್ದರು. ಒಳಗಿನ ತಂಪು ಕೂದಲೆಳೆಯಷ್ಟು ಸೋರಿದರೂ ಆ ಕೆನ್ನೆಗೆ ಗೊತ್ತಾಗುತ್ತಿತ್ತು. ಸೋರುವ ಜಾಗದಲ್ಲಿ ಸೀಸದ ಕಡ್ಡಿಯಿಂದ ಗೀಟು ಹಾಕಿ, ಕಡ್ಡಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿ, ಮುಂದಕ್ಕೆ ಸರಿಯುತ್ತಿದ್ದರು. ನೋಡುವವರಿಗೆ ಪೆಟ್ಟಿಗೆಯ ಹತ್ತಿರ ಏನೋ ಗುಟ್ಟು ಕೇಳುತ್ತಿದ್ದಾರೆ ಅನ್ನಿಸಬೇಕು.

ಅವರು ನಮ್ಮ ಎಸ್ಟೇಟಿನ ಆಚಾರಿ. ಎಲ್ಲರೂ ಆಚಾರಿ ಅಂತಲೇ ಕರೆಯುತ್ತಿದ್ದುದು, ನಾನೂ ಹಾಗೇ ಕರೆದೆ. ಘಟ್ಟದ ಕೆಳಗೆ ಮಲಯಾಳದ ಕಡಲತೀರದವರು. ಅವರಪ್ಪ ದೋಣಿ ಕಟ್ಟುತ್ತಿದ್ದರಂತೆ. ಇವರಿಗೂ ಆ ಕೆಲಸ ಬರುತ್ತಿತ್ತು. ಕಡಲು ಬಿಟ್ಟು ಕಾಫಿ ತೋಟಕ್ಕೆ ಯಾಕೆ ಬಂದಿರಿ ಅಂತ ಕೇಳಿದರೆ, "ಇಲ್ಲಿ ಗಾಳಿ ತಣ್ಣಗೆ ಉಂಟು ಮೋಳೇ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮೋಳೇ ಅಂದರೆ ಅವರ ಭಾಷೆಯಲ್ಲಿ ಮಗಳೇ ಅಂತ. ಎಸ್ಟೇಟಿನಲ್ಲಿದ್ದ ಹೆಣ್ಣುಮಕ್ಕಳೆಲ್ಲ ಅವರಿಗೆ ಮೋಳೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನಣ್ಣ ಹೊಳೆ ದಂಡೆಯ ಆ ಎಸ್ಟೇಟಿನಲ್ಲಿ ರೈಟರ್, ಲೆಕ್ಕಪತ್ರ ನೋಡುವವನು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದದ್ದರಿಂದ ನನ್ನನ್ನು ಸಾಕಿದವನು ಅವನೇ. ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಶಾಲೆ ಮುಗಿಸಿದ ನಾನು, ಅವನಿಗೆ ಅನ್ನ ಬೇಯಿಸಿ ಹಾಕುವ ನೆಪದಲ್ಲಿ ಎಸ್ಟೇಟಿಗೆ ಬಂದು ಕೂತಿದ್ದೆ. ಮನೆಯೊಳಗೆ ನಮ್ಮದು ಅರೆಭಾಷೆ, ಹೊರಗೆ ಬಂದರೆ ಕನ್ನಡ, ಕೂಲಿಯವರ ಲೈನಿನ ಕಡೆ ಹೋದರೆ ತಮಿಳು. ಆಚಾರಿಯ ಜೊತೆಗಾದರೆ ಇವೆಲ್ಲ ಕಲಸಿದ್ದು.

ನಮ್ಮ ದೊರೆಗೆ ದೋಣಿಯ ಹುಚ್ಚು. ದೊರೆ ಅಂದಕೂಡಲೇ ಬಿಳಿಯರು ಅಂದುಕೊಳ್ಳಬೇಡಿ. ಬಿಳಿಯರು ಹೋದ ಮೇಲೆ ಬಂಗಲೆಗೆ ಬಂದವರು ನಮ್ಮ ಹಾಗೇ ಕಪ್ಪಗಿದ್ದರು, ಕುರ್ಚಿಯ ಜೊತೆಗೆ ಹೆಸರನ್ನೂ ವಹಿಸಿಕೊಂಡಿದ್ದರು ಅಷ್ಟೇ. ಕೊಯ್ಲು ಮುಗಿದು ಹೊಳೆ ಶಾಂತವಾಗಿರುವ ತಿಂಗಳುಗಳಲ್ಲಿ, ಭಾನುವಾರ ಬಂತೆಂದರೆ ಅತಿಥಿಗಳನ್ನು ಕೂರಿಸಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಹೊಳೆಯ ಮೇಲೇ ಇರುತ್ತಿದ್ದರು. ಅವರ ದುಃಖ ಒಂದೇ. ಶನಿವಾರದ ಬಸ್ಸಿನಲ್ಲಿ ಮೈಸೂರಿನಿಂದ ಮರದ ಹುಡಿ ಹಾಕಿ ಗೋಣಿ ಸುತ್ತಿ ಬರುತ್ತಿದ್ದ ಐಸು ಭಾನುವಾರ ಮಧ್ಯಾಹ್ನದ ಹೊತ್ತಿಗೆ ನೀರಾಗುತ್ತಿತ್ತು. ಬಿಯರ್ ಬಿಸಿ, ಹಣ್ಣು ಬಾಡಿದ್ದು, ಮಾಂಸ ಕೆಟ್ಟ ವಾಸನೆ. ಸಂಜೆವರೆಗೆ ಐಸು ನಿಲ್ಲುವಂಥ, ದೋಣಿಯಲ್ಲಿ ಕೂರುವಂಥ, ಇಬ್ಬರು ಎತ್ತಬಲ್ಲಂಥ ಒಂದು ಪೆಟ್ಟಿಗೆ ಹುಡುಕಿ ಅಂತ ಅಣ್ಣನಿಗೆ ಅಪ್ಪಣೆಯಾಯಿತು.

ಅಣ್ಣನಿಗೆ ಇಂಥ ಕೆಲಸ ಕೊಟ್ಟರೆ ಊಟ ಬೇಡ. ಮೈಸೂರಿನ ಅಂಗಡಿಯಿಂದ ಹಸಿರು ಬಣ್ಣದ ತಗಡಿನ ಪೆಟ್ಟಿಗೆಯೊಂದನ್ನು ನೋಡಲಿಕ್ಕೆ ಅಂತ ತರಿಸಿದ. ಬಂಗಲೆಯ ಉಗ್ರಾಣದಿಂದ ಹಳೇ ಬಿಳಿಯ ದೊರೆ ಬಿಟ್ಟುಹೋದ, ಒಳಗೆ ಸತುವಿನ ತಗಡು ಬಡಿದ ತೇಗದ ಪೆಟ್ಟಿಗೆ ಹೊರಬಂತು. ಅದನ್ನೆತ್ತಲು ನಾಲ್ಕು ಜನ ಬೇಕು. ಆಚಾರಿ ಎರಡನ್ನೂ ಸುತ್ತು ಹೊಡೆದು ನೋಡಿದರು. ತಗಡಿನದರ ಮೇಲೆ ಗೆಣ್ಣಿನಿಂದ ಕುಟ್ಟಿದರು.

"ಬಣ್ಣ ಚೆಂದ ಉಂಟು ರೈಟ್ರೇ. ಮದುವೆಗೆ ಕೊಡಲಿಕ್ಕೆ ಆಗ್ತದೆ."

"ಐಸಿಗೆ?"

"ಗೋಡೆ ಎರಡು ಉಂಟು, ನಡುವೆ ಏನೂ ಇಲ್ಲ. ಐಸಿಗೆ ಇದು ಅಂಗಿ ಅಷ್ಟೇ. ಕಂಬಳಿ ಬೇಕು."

ಹೀಗೆ ಮೂರನೆಯ ಪೆಟ್ಟಿಗೆ ಹುಟ್ಟಿತು. ನಮ್ಮ ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಮರದ ಹಲಗೆ, ಯಾಕೆಂದರೆ ಅದು ಹಗುರ. ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ನಡುವೆ ನಾಲ್ಕು ಬೆರಳು ಜಾಗ. ಆ ಜಾಗಕ್ಕೆ ಏನು ತುಂಬುವುದು ಅನ್ನುವುದೇ ಪ್ರಶ್ನೆ. ಕಡಲ ಕಡೆ ಮೀನಿನ ಪೆಟ್ಟಿಗೆಗೆ ಭತ್ತದ ಹೊಟ್ಟು ತುಂಬುತ್ತಾರೆ ಅಂದರು ಆಚಾರಿ. ಅಣ್ಣ ನಕ್ಕುಬಿಟ್ಟ. ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಗುಡ್ಡೆಗುಡ್ಡೆಯಾಗಿ ಬಿದ್ದಿರುವಾಗ ಹೊಟ್ಟಿಗಾಗಿ ಯಾರ ಗದ್ದೆಗೆ ಹೋಗುವುದು?

"ಅದೂ ಸಿಪ್ಪೆ, ಇದೂ ಸಿಪ್ಪೆ. ಮೂರು ದಿನ ಕಣದಲ್ಲಿ ಒಣಗಿಸಿ ತುಂಬಿ ಆಚಾರೀ."

ಆಚಾರಿ ಕಡಲ ಕಡೆಯವರು, ಕಾಫಿ ಸಿಪ್ಪೆಯ ಗುಣ ಅವರಿಗೆ ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿರಬೇಕಾಗಿತ್ತು. ಸಿಪ್ಪೆಯ ಗುಡ್ಡೆ ಬೆಳಗಿನ ಚಳಿಯಲ್ಲಿ ಹೊಗೆಯಾಡುವುದನ್ನು ಅವನು ದಿನಾ ನೋಡುತ್ತಿದ್ದ, ನಾಯಿಗಳು ಅದರ ಮೇಲೆ ಹೋಗಿ ಮಲಗುವುದನ್ನೂ ನೋಡುತ್ತಿದ್ದ. ಆದರೆ ದಿನಾ ನೋಡುವುದು ಯಾರ ತಲೆಗೂ ಹತ್ತುವುದಿಲ್ಲ. ತುಂಬಿದರು, ಒತ್ತಿದರು, ಮುಚ್ಚಿದರು.

ಶನಿವಾರ ಸಂಜೆ ಐಸು ಬಂತು. ಕೊಯ್ದ ಹಣ್ಣು ತೂಗುವ ತಕ್ಕಡಿಯಲ್ಲಿ ಮೂರು ಗಟ್ಟಿಗಳನ್ನು ಸಮ ತೂಗಿ ಮೂರು ಪೆಟ್ಟಿಗೆಗೂ ಹಾಕಿದರು. ಭಾನುವಾರವಿಡೀ ಮೂರನ್ನೂ ಕಣದ ಬಿಸಿಲಲ್ಲಿ ಇಡುವುದು, ಸಂಜೆ ನಾಲ್ಕಕ್ಕೆ ತೆಗೆಯುವುದು, ನಡುವೆ ಯಾರೂ ಮುಟ್ಟಬಾರದು. ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಊಟಕ್ಕೆ ಎಲ್ಲರೂ ಹೋದಾಗ ಹಸಿರು ಪೆಟ್ಟಿಗೆಯ ಮುಚ್ಚಳ ಸ್ವಲ್ಪವೇ ಎತ್ತಿ ಒಳಗೆ ನೋಡಿ ಮತ್ತೆ ಮುಚ್ಚಿದೆ. ಆಚಾರಿ ಬಂದವರೇ ಬಗ್ಗಿ ನೋಡಿದರು. ಮೂರು ಮುಚ್ಚಳಗಳ ಮೇಲೂ ಅವರು ಒಂದೊಂದು ಹತ್ತಿ ನೂಲು ಅಂಟಿಸಿದ್ದರು; ಒಂದು ಹರಿದಿತ್ತು.

"ಮೋಳೇ, ಐಸಿಗೆ ಕಣ್ಣು ತಾಗ್ತದೆ. ಒಂದು ಸಲ ನೋಡಿದ್ರೆ ಎರಡು ಗಂಟೆಯ ಐಸು ಹೋಯ್ತು" ಅಂದರು. ಬೈಯಲಿಲ್ಲ. ಮುಖವೆಲ್ಲ ನಗು. ನನಗೆ ನಾಚಿಕೆಯಾಗಿ ಅಡುಗೆಮನೆಗೆ ಓಡಿದೆ.

ಸಂಜೆ ತೆಗೆದರೆ ತೇಗದ ಪೆಟ್ಟಿಗೆಯಲ್ಲಿ ಮುಷ್ಟಿಯಷ್ಟು ಐಸು, ನಾನು ಕಣ್ಣು ಹಾಕಿದ ಹಸಿರು ಪೆಟ್ಟಿಗೆಯಲ್ಲಿ ತಣ್ಣೀರು, ಸಿಲ್ವರ್ ಮರದ್ದರಲ್ಲಿ ಉಗುರುಬೆಚ್ಚಗಿನ ನೀರು. ಅಣ್ಣ ನಂಬದೆ ಕೈ ಅದ್ದಿ ನೋಡಿದ. ಆಚಾರಿ ಪೆಟ್ಟಿಗೆಯ ಹೊರಮೈಗೆ ಕೆನ್ನೆ ಹಚ್ಚಿದರು. ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತಂತೆ. ಒಳಗಿನ ಸಿಪ್ಪೆ ಕೊಳೆಯುತ್ತಾ ಕಾವು ಎಬ್ಬಿಸಿತ್ತು. ಆಚಾರಿ ನೆಲದ ಮೇಲೆ ಕೂತುಬಿಟ್ಟು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ರೈಟ್ರೇ, ಇದು ಐಸ್ ಪೆಟ್ಟಿಗೆ ಅಲ್ಲ. ಕೋಳಿಯೇ ಬೇಡ, ಮೊಟ್ಟೆ ನಾವೇ ಮರಿ ಮಾಡಬಹುದು."

ಅಣ್ಣನೂ ನಕ್ಕ. ನಾನು ಬಾಗಿಲಲ್ಲಿ ನಿಂತು ನಕ್ಕೆ. ಆ ಸಂಜೆಯನ್ನು ನಾನು ಆಗಾಗ ನೆನಪಿಗೆ ತಂದುಕೊಳ್ಳುತ್ತೇನೆ. ನಗು ಇತ್ತು ಅನ್ನುವುದು ಗೊತ್ತಿದೆ, ಅದು ಹೇಗಿತ್ತು ಅನ್ನುವುದು ಈಗ ಮೈಗೆ ಬರುವುದಿಲ್ಲ.

ಎರಡನೇ ಸಲ ಆಚಾರಿ ಯಾರ ಮಾತೂ ಕೇಳಲಿಲ್ಲ. ಭತ್ತದ ಹೊಟ್ಟು ತರಿಸಿ, ಅಗಲ ಬಾಣಲೆಯಲ್ಲಿ ನಮ್ಮ ಮನೆಯ ಒಲೆಯ ಮೇಲೇ ಹದವಾಗಿ ಹುರಿದು, ಕೈಗೆ ತೇವ ಹತ್ತದ ಹಾಗೆ ಮಾಡಿ, ಇಂಚಿಂಚಿಗೆ ಮರದ ಕೊಡತಿಯಿಂದ ಒತ್ತಿ ತುಂಬಿದರು. ಸಂದಿಗಳಿಗೆಲ್ಲ ಎಣ್ಣೆಯಲ್ಲಿ ಕಾಯಿಸಿದ ರಾಳ, ದೋಣಿಗೆ ಹಾಕುವ ಹಾಗೇ. ಮುಚ್ಚಳದ ಅಂಚಿಗೆ ಹಳೇ ಕಂಬಳಿಯ ಪಟ್ಟಿ, ಬಿಗಿಯಾಗಿ ಕೂರುವ ಮರದ ಅಗಳಿ. ದೊರೆಗೆ ದೊಡ್ಡ ಪೆಟ್ಟಿಗೆ ಬೇಕಿತ್ತು. ಖಾಲಿ ಜಾಗ ಹೆಚ್ಚಿದ್ದಷ್ಟೂ ಐಸು ಆ ಜಾಗವನ್ನು ತಣ್ಣಗೆ ಮಾಡಲಿಕ್ಕೇ ಸಾಯುತ್ತದೆ, ಬೇಕಾದಷ್ಟೇ ಇರಲಿ ಅಂತ ಆಚಾರಿ ಹಟ ಹಿಡಿದರು. "ಮತಿ, ಮತಿ" ಅನ್ನುತ್ತಿದ್ದರು, ಸಾಕು ಸಾಕು ಅಂತ. ಕರಗಿದ ನೀರನ್ನು ಹೊರಗೆ ಬಿಡಲು ತೂತು ಬೇಡವೇ ಅಂತ ಅಣ್ಣ ಕೇಳಿದ್ದಕ್ಕೆ, "ಅದೂ ತಣ್ಣಗೇ ಉಂಟಲ್ಲ, ಯಾಕೆ ಓಡಿಸ್ತೀರಿ?" ಅಂದರು. ಎತ್ತಲು ಎರಡೂ ಉದ್ದದ ಬದಿಗೆ ತೂತು ಕೊರೆದು, ತೆಂಗಿನ ನಾರಿನ ದಪ್ಪ ಹಗ್ಗ ಹಾಕಿ, ಒಳಗಂಟು ಬಿಗಿದು, ಗಂಟಿಗೂ ರಾಳ ಬಳಿದರು.

ಈ ಸಲ ಐಸು ಸೋಮವಾರ ಬೆಳಿಗ್ಗೆಯವರೆಗೆ ಇತ್ತು. ದೊರೆ ಅಣ್ಣನ ಬೆನ್ನು ತಟ್ಟಿದರು. ಬೆನ್ನು ಯಾರದ್ದು ತಟ್ಟಬೇಕಿತ್ತೋ ಅವರು ಆಗ ಬಂಗಲೆಯ ಕಿಟಕಿಗೆ ಕೀಲು ಹಾಕುತ್ತಿದ್ದರು.

ಒಂದೇ ಒಂದು ತೊಂದರೆ. ದೋಣಿಯ ಮಣೆಗಳ ನಡುವೆ ಇಟ್ಟಾಗ ಪೆಟ್ಟಿಗೆಯ ಒಂದು ಬದಿ ದೋಣಿಯ ಮೈಗೆ ಒತ್ತಿಕೊಂಡು ಕೂರಬೇಕಿತ್ತು, ಆ ಕಡೆಯ ಹಗ್ಗ ಅಡ್ಡ ಬರುತ್ತಿತ್ತು. ಅಣ್ಣ ಅದನ್ನು ತೆಗೆದುಬಿಡಿ ಅಂದ. ಆಚಾರಿಗೆ ಮನಸ್ಸಿರಲಿಲ್ಲ. "ಎರಡೂ ಕಡೆ ಇರಲಿ ರೈಟ್ರೇ" ಅಂತ ಎರಡು ಸಲ ಹೇಳಿದರು. ಅಣ್ಣ ಕೇಳಲಿಲ್ಲ. ಆಚಾರಿ ಉಳಿಯಿಂದ ಆ ಹಗ್ಗ ಕತ್ತರಿಸಿ, ಉಳಿದ ತೂತುಗಳಿಗೆ ರಾಳ ತುಂಬಿದರು. ಇಷ್ಟೇ ನಡೆದದ್ದು. ಅಲ್ಲಿದ್ದ ಮೂವರಲ್ಲಿ ಯಾರಿಗೂ ಅದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ ದೊರೆ ಊರಲ್ಲಿರಲಿಲ್ಲ. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ಕೆಳಗಿನ ಶೆಡ್ಡಿಗೆ ಸಾಗಿಸಬೇಕಿತ್ತು. ಬರುತ್ತೀಯಾ ಅಂತ ಅಣ್ಣ ಕೇಳಿದ. ಐಸು ಹೇಗೂ ಬಂದಿತ್ತು. ಪೆಟ್ಟಿಗೆಯಲ್ಲಿ ಐಸಿನ ಜೊತೆ ಎರಡು ಬಾಟಲಿ ಕಿತ್ತಳೆ ಶರಬತ್ತು ಇಟ್ಟುಕೊಂಡು ನಾವಿಬ್ಬರೇ ಹೊರಟೆವು. ಮೇಲೆ ಭಾಗಮಂಡಲದ ಕಡೆ ಮಳೆ ಬಿದ್ದಿರಬೇಕು, ಹೊಳೆಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ತಿರುವಿನಲ್ಲಿ ದಿನಾ ಕಾಣುತ್ತಿದ್ದ ಬಂಡೆ ಆ ದಿನ ನೀರೊಳಗಿತ್ತು. ದೋಣಿ ಅದರ ಮೇಲೆ ಹತ್ತಿ, ಓರೆಯಾಗಿ, ಮಗುಚಿತು.

ನಾನು ನೀರಿನಿಂದ ಮೇಲೆ ಬಂದಾಗ ಪೆಟ್ಟಿಗೆ ಪಕ್ಕದಲ್ಲೇ ತೇಲುತ್ತಿತ್ತು. ತಂಪು ಸೋರದ ಹಾಗೆ ಮುಚ್ಚಿದ ಪೆಟ್ಟಿಗೆಯೊಳಗೆ ನೀರು ಹೋಗುವುದಾದರೂ ಹೇಗೆ? ಹಗ್ಗಕ್ಕೆ ಕೈ ಸಿಕ್ಕಿತು, ಹಿಡಿದೆ. ಅಣ್ಣ ನನ್ನಿಂದ ಹತ್ತು ಹನ್ನೆರಡು ಮಾರು ಆಚೆ ತಲೆಯೆತ್ತಿದ. ನನ್ನನ್ನು ನೋಡಿದ. ನನ್ನ ಕೈಯಲ್ಲಿ ಹಗ್ಗ ಇದ್ದದ್ದನ್ನೂ ನೋಡಿದ.

"ಗಟ್ಟಿ ಹಿಡ್ಕ, ಬುಡ್ಬೇಡ. ನಾ ಈಗ ಬನ್ನೆ" ಅಂತ ನಮ್ಮ ಅರೆಭಾಷೆಯಲ್ಲಿ ಕೂಗಿದ, ಈಗ ಬರುತ್ತೇನೆ ಅಂತ.

ಅಷ್ಟು ಹೇಳಿ, ತಿರುಗಿ, ದೋಣಿಯ ಹಿಂದೆ ಈಜಿದ. ದೋಣಿ ದೊರೆಯದು, ಅದರ ಹೊಣೆ ಅವನದು. ದೋಣಿ ಬಂಡೆಗಳ ನಡುವಿನ ಸೆಳೆತಕ್ಕೆ ಹೋಯಿತು, ಅವನೂ ಹೋದ. ಮೂರನೇ ದಿನ ಕೆಳಗಿನ ಊರಿನವರು ದೇಹ ಸಿಕ್ಕಿದೆ ಅಂತ ಹೇಳಿ ಕಳಿಸಿದರು.

ನನ್ನನ್ನು ಬಟ್ಟೆ ಒಗೆಯುತ್ತಿದ್ದ ಹೆಂಗಸರು ದಡಕ್ಕೆ ಎಳೆದರು. ಬೆರಳು ಬಿಡಿಸಲು ಇಬ್ಬರು ಬೇಕಾಯಿತಂತೆ. ನನಗೆ ನೆನಪಿರುವುದು ಮಾರನೇ ದಿನದ್ದು. ನಮ್ಮ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಇತ್ತು. ಯಾರೋ ಬಾಯಾರಿಕೆ ಅಂದರು, ಯಾರೋ ಮುಚ್ಚಳ ತೆಗೆದರು. ಐಸು ಇನ್ನೂ ಇತ್ತು. ಶರಬತ್ತಿನ ಬಾಟಲಿಗಳ ಮೇಲೆ ಹನಿ ಕಟ್ಟಿತ್ತು. ನಾನು ಅದನ್ನು ನೋಡುತ್ತಾ ಕೂತೆ. ಅಳು ಬರಲಿಲ್ಲ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಚಳಿಗಾಲದ ಬೆಳಿಗ್ಗೆ ಕೈ ಮರಗಟ್ಟಿದಾಗ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಒಳಗೆಲ್ಲ ಆಗಿಹೋಗಿತ್ತು. ಕೈಗೆ ಬಿಸಿ ತಾಗಿದರೆ ಸರಿಹೋಗುತ್ತದೆ. ಇದು ಸರಿಹೋಗಲಿಲ್ಲ.

ಹನ್ನೊಂದನೇ ದಿನದ ಕೆಲಸ ಮುಗಿದ ಮೇಲೆ ಆಚಾರಿ ಬಂದು ಜಗಲಿಯ ಕೆಳಗೆ ಮೆಟ್ಟಿಲ ಮೇಲೆ ಕೂತರು. ಉಗುರಿಗೆ ಅಂಟಿದ್ದ ರಾಳ ಕೆರೆದರು. ಆಮೇಲೆ ಕೇಳಿದರು.

"ಮೋಳೇ, ಒಂದು ಹೇಳು. ರೈಟ್ರು ಪೆಟ್ಟಿಗೆಯ ಆ ಪಕ್ಕಕ್ಕೆ ಬಂದಿದ್ರಾ? ಹಿಡಿಯಲಿಕ್ಕೆ ಏನೂ ಸಿಕ್ಕಲಿಲ್ಲವಾ ಅವರಿಗೆ?"

ಇಲ್ಲ, ಬರಲಿಲ್ಲ, ದೋಣಿಯ ಹಿಂದೆ ಹೋದ. ಇಷ್ಟೇ ಉತ್ತರ. ನನ್ನ ಬಾಯಿಂದ ಬರಲಿಲ್ಲ. ಮರಗಟ್ಟಿದ್ದು ಒಂದು ಕಾರಣ. ಇನ್ನೊಂದು ಕಾರಣವನ್ನು ಇಲ್ಲಿ ಬರೆಯಲೇಬೇಕು. ನನ್ನನ್ನು ಹೊಳೆಯ ನಡುವೆ ಬಿಟ್ಟು ನನ್ನಣ್ಣ ಬೇರೆಯವರ ದೋಣಿ ಹಿಡಿಯಲು ಹೋದ ಅನ್ನುವುದನ್ನು ನಾನು ಯಾರಿಗೂ ಹೇಳಲಾರದೆ ಹೋದೆ. ತಂಗಿ ಪೆಟ್ಟಿಗೆ ಹಿಡಿದಿದ್ದಾಳೆ, ಬದುಕುತ್ತಾಳೆ, ದೋಣಿ ಹೋದರೆ ದೊರೆಗೆ ಏನು ಹೇಳುವುದು ಅಂದುಕೊಂಡಿರಬೇಕು ಅವನು. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ನನಗೆ ಸಿಟ್ಟಿತ್ತು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡವಳು ಅಂತ ಅನ್ನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಸುಲಭವಾಗಿತ್ತು. ಸುಮ್ಮನಿದ್ದೆ. ಆಚಾರಿ ನನ್ನ ಮುಖ ನೋಡಿದರು, ತಲೆಯಾಡಿಸಿದರು, ಎದ್ದು ಹೋದರು. ಅವರು ಏನು ತಿಳಿದುಕೊಂಡು ಹೋದರು ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ನಾನು ಮಡಿಕೇರಿಗೆ, ಚಿಕ್ಕಮ್ಮನ ಮನೆಗೆ ವಾಪಸಾದೆ. ಪೆಟ್ಟಿಗೆಯನ್ನು ದೊರೆ ನನಗೇ ಕೊಟ್ಟುಬಿಟ್ಟರು. ಬಂಗಲೆಯಲ್ಲಿ ಅದನ್ನು ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ ಅನ್ನಿಸುತ್ತದೆ. ಆಚಾರಿ ಮೊಳೆ ಕೀಲು ತರಲು ಮಡಿಕೇರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಒಂದು ಸಲವೂ ಬರಿಗೈಯಲ್ಲಿ ಬರಲಿಲ್ಲ. ಮೊದಲು ನನಗೆ ಬಟ್ಟೆ ಇಡಲು ಪೆಟ್ಟಿಗೆ ತಂದರು. ಆಮೇಲೆ ಸಾಂಬಾರದ ಡಬ್ಬಿ. ಆಮೇಲೆ ಕೂರುವ ಮಣೆ. ಎಲ್ಲದಕ್ಕೂ ಎರಡೂ ಕಡೆ ತೂತು ಕೊರೆದು, ನಾರಿನ ಹಗ್ಗ ಹಾಕಿ, ಒಳಗಂಟು ಬಿಗಿದು, ರಾಳ ಬಳಿದಿರುತ್ತಿದ್ದರು. ಅಂಗೈಯಷ್ಟು ಉದ್ದದ ಸಾಂಬಾರದ ಡಬ್ಬಿಗೂ ಎರಡು ಪುಟ್ಟ ಹಗ್ಗ.

"ಇದೆಂಥ ಆಚಾರೀ, ಮಣೆಗೂ ಹಗ್ಗನಾ?" ಅಂತ ಚಿಕ್ಕಮ್ಮ ನಕ್ಕರೆ, "ಇರಲಿ ಅಮ್ಮ, ಹಿಡಿಯಲಿಕ್ಕೆ ಆಗ್ತದೆ" ಅನ್ನುತ್ತಿದ್ದರು. ಚಹಾ ಕುಡಿದು, ನನ್ನನ್ನು ಎರಡು ಮಾತಾಡಿಸಿ, ಸಂಜೆ ಬಸ್ಸಿಗೆ ಹೋಗುತ್ತಿದ್ದರು. ವಯಸ್ಸಾಯಿತು, ಅರಳುಮರಳು ಅಂತ ನಾವು ಮಾತಾಡಿಕೊಂಡೆವು. ನಾನೂ ನಕ್ಕಿದ್ದೇನೆ. ಎಸ್ಟೇಟಿನಿಂದ ಬಂದ ಯಾರೋ, ಆಚಾರಿ ಈಗ ಶಾಲೆಯ ಬೆಂಚಿಗೂ ಹಗ್ಗ ಕಟ್ಟುತ್ತಾರೆ, ಮಕ್ಕಳು ಅದನ್ನೇ ಕುದುರೆಯ ಲಗಾಮು ಮಾಡಿಕೊಂಡಿದ್ದಾರೆ ಅಂದಾಗಲೂ ನಕ್ಕೆ.

ಮದುವೆಯಾಗಿ ಕೊಡಗಿನ ಗಡಿಯ ಶಿರಂಗಾಲಕ್ಕೆ ಬಂದೆ. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆ. ಮೊದಲ ಮಗು ಹುಟ್ಟಿದಾಗ ಆಚಾರಿ ತೊಟ್ಟಿಲು ಕಳಿಸಿದರು. ಬಸ್ಸಿನ ಮೇಲೆ ಕಟ್ಟಿಸಿ ಕಳಿಸಿದ ಆ ತೊಟ್ಟಿಲನ್ನು ಅಂಗಳದಲ್ಲಿ ಇಳಿಸಿದಾಗ ನಮ್ಮತ್ತೆ ಸುತ್ತು ಹಾಕಿ ನೋಡಿದರು.

"ಚೆನ್ನಾಗೈತೆ ಕಣವ್ವ. ಆದ್ರೆ ಇದ್ಯಾಕೆ ಮಗ್ಗುಲಲ್ಲಿ ಹಗ್ಗ? ತೂಗೋ ಹಗ್ಗ ಮ್ಯಾಲೈತಲ್ಲ. ಈ ಕಡೆಗೊಂದು, ಆ ಕಡೆಗೊಂದು. ಮಗು ಏನು ಹೊಳೆಗೆ ಬೀಳ್ತದಾ, ಹಿಡ್ಕೊಳಕ್ಕೆ?"

ಅತ್ತೆಗೆ ಏನೂ ಗೊತ್ತಿರಲಿಲ್ಲ. ತಮಾಷೆಗೆ ಅಂದದ್ದು. ನಾನು ಮಗುವನ್ನು ಹಿಡಿದುಕೊಂಡು ನಿಂತಲ್ಲೇ ನಿಂತೆ. ಮೆಟ್ಟಿಲ ಮೇಲೆ ಕೂತು ಅವರು ಕೇಳಿದ್ದು, ನಾನು ಸುಮ್ಮನಿದ್ದದ್ದು, ಅವರು ತಲೆಯಾಡಿಸಿ ಎದ್ದು ಹೋದದ್ದು ಎಲ್ಲ ಒಟ್ಟಿಗೆ ಬಂತು. ಏಳು ವರ್ಷ. ತಾನು ಕತ್ತರಿಸಿದ ಹಗ್ಗ ಇದ್ದಿದ್ದರೆ ರೈಟ್ರು ಬದುಕುತ್ತಿದ್ದರು ಅಂತ ಆ ಮನುಷ್ಯ ಏಳು ವರ್ಷದಿಂದ ಸಿಕ್ಕಿದ್ದಕ್ಕೆಲ್ಲ ಹಗ್ಗ ಕಟ್ಟುತ್ತಿದ್ದಾರೆ. ನನ್ನ ಒಂದು ಮಾತಿಗೆ ಬಿಟ್ಟುಹೋಗುವಂಥ ಭಾರ.

ಆಗಲೇ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಮಗು ಚಿಕ್ಕದು ಅಂದೆ. ಆಮೇಲೆ ಇನ್ನೊಂದು ಮಗು. ಬಿತ್ತನೆ, ಕಟಾವು, ಅತ್ತೆಯ ಕಾಲುನೋವು. ಪತ್ರ ಬರೆಯೋಣವೆಂದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಯಾರಿಂದಲೋ ಓದಿಸಬೇಕು, ಓದಿದವರು ನನ್ನಣ್ಣನ ಬಗ್ಗೆ ಏನಂದುಕೊಂಡಾರು. ಹೀಗೆ ಕಾರಣಗಳು ಒಂದರ ಹಿಂದೆ ಒಂದು ಸಿಗುತ್ತಾ ಹೋದವು. ನಾಲ್ಕು ವರ್ಷ ಕಳೆದೆ. ನನ್ನನ್ನು ಬದುಕಿಸಿದ ಪೆಟ್ಟಿಗೆಯನ್ನು ಮಾಡಿದವರಿಗೆ ನಾನು ಮಾಡಿದ್ದು ಇದು.

ಚಿಕ್ಕಮ್ಮನಿಂದ ಕಾಗದ ಬಂತು. ಆಚಾರಿಗೆ ಎದೆಯಲ್ಲಿ ನೀರು ತುಂಬಿದೆ, ಮಡಿಕೇರಿಯ ಆಸ್ಪತ್ರೆಯಲ್ಲಿದ್ದಾರೆ, ನಿನ್ನನ್ನು ಕೇಳಿದರು ಅಂತ ಬರೆದಿದ್ದರು. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬೆಳಗಿನ ಬಸ್ಸು ಹಿಡಿದೆ.

ಉದ್ದನೆಯ ವಾರ್ಡಿನ ಕೊನೆಯಲ್ಲಿ ಕಿಟಕಿಯ ಪಕ್ಕದ ಮಂಚ. ಅವರು ಅಷ್ಟು ಚಿಕ್ಕವರಾಗಿದ್ದರು ಅಂದರೆ ಮೊದಲು ಯಾರೋ ಅಂದುಕೊಂಡು ದಾಟಿ ಹೋಗಿದ್ದೆ. ಗಡ್ಡ ಬೆಳೆದಿತ್ತು, ಬಲಗಡೆ ಮಾತ್ರ. ನನ್ನನ್ನು ನೋಡಿ ನಕ್ಕರು. ಮಕ್ಕಳು ಹೇಗಿದ್ದಾರೆ, ತೊಟ್ಟಿಲು ಗಟ್ಟಿ ಇದೆಯಾ ಅಂತ ಕೇಳಿದರು. ಗಟ್ಟಿ ಇದೆ ಅಂದೆ. ಮಂಚದ ಕೆಳಗಿಟ್ಟಿದ್ದ ಅವರ ಸಣ್ಣ ಮರದ ಪೆಟ್ಟಿಗೆಗೂ ಎರಡೂ ಕಡೆ ಹಗ್ಗ ಇತ್ತು.

ನಾನು ಸ್ಟೂಲು ಎಳೆದುಕೊಂಡು ಕೂತೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದದ್ದನ್ನು ಹೇಳಿದೆ. ಅಣ್ಣ ಪೆಟ್ಟಿಗೆಯ ಹತ್ತಿರ ಬರಲೇ ಇಲ್ಲ ಆಚಾರೀ. ಆ ಕಡೆಗೂ ಬರಲಿಲ್ಲ, ಈ ಕಡೆಗೂ ಬರಲಿಲ್ಲ. ನನ್ನನ್ನು ನೋಡಿದ, ಗಟ್ಟಿ ಹಿಡಿದುಕೋ ಅಂದ, ದೋಣಿಯ ಹಿಂದೆ ಹೋದ. ಹಗ್ಗ ಎರಡಿದ್ದರೂ ನಾಲ್ಕಿದ್ದರೂ ಒಂದೇ. ನಿಮ್ಮದೇನೂ ತಪ್ಪಿಲ್ಲ. ಆ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ನನ್ನದು ತಪ್ಪು.

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಲ್ಲಿ ನೀರು ಬಂತು.

ಅವರು ಪೂರ್ತಿ ಕೇಳಿದರು. ಕಣ್ಣು ಮುಚ್ಚಿಕೊಂಡು ಕೇಳಿದರು, ಪೆಟ್ಟಿಗೆಯ ಸಂದಿಗೆ ಕೆನ್ನೆ ಹಚ್ಚಿದಾಗ ಮುಚ್ಚುತ್ತಿದ್ದ ಹಾಗೆ. ಆಮೇಲೆ ಕೈ ಚಾಚಿ ನನ್ನ ಕೈಯ ಮೇಲೆ ಇಟ್ಟರು. ಆ ಕೈಯಲ್ಲಿ ಇನ್ನೂ ರಾಳದ ವಾಸನೆ ಇತ್ತು.

"ಇದು ಹೇಳಲಿಕ್ಕೆ ಶಿರಂಗಾಲದಿಂದ ಬಂದ್ಯಾ ಮೋಳೇ?" ಅಂದರು. "ಒಳ್ಳೇ ಮೋಳು ನೀನು. ಸಾಯುವ ಮುದುಕನಿಗೆ ಸಮಾಧಾನ ಹೇಳಬೇಕು ಅಂತ ನಿನಗೆ ಯಾರು ಕಲಿಸಿದ್ರು?"

"ಸಮಾಧಾನಕ್ಕೆ ಅಲ್ಲ ಆಚಾರೀ. ನಡೆದದ್ದೇ ಇದು. ನನ್ನ ಮಕ್ಕಳಾಣೆ."

"ಶ್ಶ್, ಮಕ್ಕಳ ಆಣೆ ಹಾಕಬೇಡ." ಉಸಿರಿಗೆ ನಿಂತು, ಮತ್ತೆ ಹೇಳಿದರು. "ನಿನ್ನನ್ನು ನೀರಲ್ಲಿ ಬಿಟ್ಟು ದೋಣಿ ಹಿಂದೆ ಹೋಗ್ತಾರಾ ರೈಟ್ರು? ಅವರು ಎಂಥವರು ಅಂತ ನನಗೆ ಗೊತ್ತಿಲ್ಲವಾ? ಮತಿ ಮೋಳೇ, ಮತಿ."

ನಾನು ಮತ್ತೆ ಹೇಳಿದೆ. ಬೇರೆ ಮಾತಿನಲ್ಲಿ ಹೇಳಿದೆ, ಅತ್ತು ಹೇಳಿದೆ. ಹೇಳಿದಷ್ಟೂ ಅವರ ಮುಖದಲ್ಲಿ ನನ್ನ ಮೇಲಿನ ಕರುಣೆ ಹೆಚ್ಚುತ್ತಾ ಹೋಯಿತು. ಕೊನೆಗೆ ನರ್ಸ್ ಬಂದು ಹೊತ್ತಾಯಿತು ಅಂದಳು. ಎದ್ದೆ. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದಾಗ ಅವರು ಕೈಯೆತ್ತಿ, ಗಾಳಿಯಲ್ಲಿ ಎರಡು ಕಡೆ ಎರಡು ಗಂಟು ಬಿಗಿಯುವ ಹಾಗೆ ಬೆರಳಾಡಿಸಿ, ನನಗೆ ಏನೋ ನೆನಪು ಮಾಡಿದರು. ಇನ್ನು ಮುಂದೆ ಯಾವ ಪೆಟ್ಟಿಗೆ ಮಾಡಿಸಿದರೂ ನೋಡಿ ಮಾಡಿಸು ಅಂತ. ನಾನು ಆಗಲಿ ಅಂತ ತಲೆಯಾಡಿಸಿದೆ.

ಆರು ದಿನದ ಮೇಲೆ ಹೋದರು. ಊರಿನಿಂದ ಅವರ ತಮ್ಮನ ಮಗ ಬಂದು ದೇಹವನ್ನು ಘಟ್ಟ ಇಳಿಸಿಕೊಂಡು ಹೋದನಂತೆ. ಕಾಗದ ಬಂದ ದಿನ ನಾನು ರಾಗಿ ಒಣಗಿಸುತ್ತಿದ್ದೆ. ಓದಿ ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು, ಮೋಡ ಕಟ್ಟುತ್ತಿದ್ದುದರಿಂದ ರಾಗಿ ಬಳಿದು ಒಳಗೆ ತಂದೆ.

ಆ ಐಸ್ ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿ ಬಿತ್ತನೆ ಬೀಜಕ್ಕೆ ಆಗಿದೆ. ಹುಳ ಬೀಳುವುದಿಲ್ಲ, ಒಳಗೆ ತೇವ ಹೋಗುವುದಿಲ್ಲ. ಒಂದು ಬದಿಗೆ ನಾರಿನ ಹಗ್ಗ ಇದೆ, ಇನ್ನೊಂದು ಬದಿಗೆ ರಾಳ ತುಂಬಿದ ಎರಡು ತೂತು. ವರ್ಷಕ್ಕೊಮ್ಮೆ ಬೀಜ ತೆಗೆಯುವಾಗ ನನ್ನ ಗಂಡ, ಎತ್ತಲು ಕಷ್ಟ, ಆ ಕಡೆಗೂ ಒಂದು ಹಗ್ಗ ಹಾಕಿಸೋಣ ಅನ್ನುತ್ತಾರೆ. ಬೇಡ ಅನ್ನುತ್ತೇನೆ. ಹಗ್ಗವಿಲ್ಲದ ಕಡೆಗೆ ಬಗ್ಗಿ, ಅಡಿಗೆ ಕೈ ಹಾಕಿ, ನಾನೇ ಎತ್ತುತ್ತೇನೆ.